ಕುತ್ತಿಗೆಯ ಅಳತೆ

ಮಾರ್ಚ್ ೨

ತಮ್ಮಾ,

ನೀನು ಕೇಳಿದ ಪಟ್ಟಿಗಳನ್ನೆಲ್ಲ ಹಾಲಿನ ಜೀಪಿನವನ ಕೈಯಲ್ಲಿ ಕಳಿಸಿದ್ದೇನೆ. ಒಳಮೈಗೆ ಮೆತ್ತನೆಯ ಚರ್ಮ ಕೊಟ್ಟಿದ್ದೇನೆ, ನಿನ್ನ ಕಾಡುಬೆಕ್ಕುಗಳ ಕುತ್ತಿಗೆ ಉಜ್ಜಿ ಹುಣ್ಣಾಗುವುದಿಲ್ಲ. ನಿಮ್ಮ ರೇಡಿಯೋ ಪೆಟ್ಟಿಗೆ ಕೂರುವ ಕಡೆ ಎರಡು ಸಾಲು ಹೊಲಿಗೆ ಹಾಕಿದ್ದೇನೆ. ತುದಿಯಲ್ಲಿ ಎಂದಿನಂತೆ ಅಮ್ಮನ ಕೆಂಪು ಗಂಟು. ನಿಮ್ಮ ಮೇಡಂ ಅದು ಯಾಕೆ ಅಂತ ಕೇಳಿದರೆ, ನಮ್ಮಕ್ಕನ ಅಂಗಡಿಯ ಗುರುತು, ಕಿತ್ತರೆ ಅವಳು ನನ್ನ ಕಿವಿ ಕೀಳುತ್ತಾಳೆ ಅಂತ ಹೇಳು.

ಎಲ್ಲವನ್ನೂ ದೊರೆಯ ಕುತ್ತಿಗೆಗೆ ಹಾಕಿ ನೋಡಿಯೇ ಕಳಿಸಿದ್ದು. ಅವನ ಕುತ್ತಿಗೆಯೂ ನಿನ್ನ ಕಾಡುಬೆಕ್ಕಿನ ಕುತ್ತಿಗೆಯೂ ಒಂದೇ ಅಳತೆ ಅಂತ ನೀನು ಕಂಡುಹಿಡಿದ ದಿನದಿಂದ ಅವನಿಗೆ ಹಮ್ಮು ಬಂದುಬಿಟ್ಟಿದೆ. ಪಟ್ಟಿ ಕೈಗೆತ್ತಿಕೊಂಡರೆ ಸಾಕು, ಹಾರ ಹಾಕಿಸಿಕೊಳ್ಳುವ ಮಂತ್ರಿಯಂತೆ ಕತ್ತು ಚಾಚುತ್ತಾನೆ. ಅಮ್ಮ ಸುಮ್ಮನೆ ಈ ನಾಯಿಗೆ ದೊರೆ ಅಂತ ಹೆಸರಿಡಲಿಲ್ಲ. ಈಗಲೂ ಅವಳ ಕುರ್ಚಿ ಬಿಟ್ಟು ಕೆಳಗಿಳಿಯುವುದಿಲ್ಲ. ಅವಳು ಹೋದ ಮೇಲೆ ಈ ಮನೆಯಲ್ಲಿ ನನ್ನ ಮಾತಿಗೆ ಕಿವಿ ನಿಮಿರಿಸುವ ಜೀವ ಅಂದರೆ ಅವನೊಬ್ಬನೇ.

ಇಲ್ಲಿಯ ಸುದ್ದಿ ಚೆನ್ನಾಗಿಲ್ಲ. ಬೀದಿಯಲ್ಲಿ ಸಾಕಿದ ಪ್ರಾಣಿಗಳು ಒಂದೊಂದಾಗಿ ಮಾಯವಾಗುತ್ತಿವೆ. ಮೊದಲು ಸಂಗೀತದ ಮೇಷ್ಟ್ರ ಮೊಲಗಳು ಹೋದವು. ಹೋದ ವಾರ ಬೇಕರಿಯಣ್ಣನ ಬೆಕ್ಕು. ನಾನೇ ಪಟ್ಟಿ ಹೊಲಿದು ಗೆಜ್ಜೆ ಕಟ್ಟಿಕೊಟ್ಟಿದ್ದೆನಲ್ಲ, ಅದೇ. ಹಿಂಬದಿಯ ಗೋಡೆ ಹತ್ತಿರ ಒಂದು ಹಿಡಿ ಕೂದಲು ಬಿಟ್ಟರೆ ಏನೂ ಸಿಗಲಿಲ್ಲ. ಆ ದಪ್ಪ ಮನುಷ್ಯ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು ನಿಂತಿದ್ದ. ನಗು ಬರಬೇಕಿತ್ತು, ಬರಲಿಲ್ಲ.

"ಅಕ್ಕಾ, ಇದು ಕಾಡುಬೆಕ್ಕೇ ಕಣ್ರೀ. ಕಿವಿ ತುದೀಲಿ ಕಪ್ಪು ಕುಚ್ಚು ಇತ್ತು, ನಾನೇ ನೋಡ್ದೆ. ಒಂದು ಉರುಲು ಹಾಕ್ಬಿಡೋಣ, ಮುಗಿದುಹೋಗುತ್ತೆ" ಅನ್ನುತ್ತಾನೆ.

ಕಾಡುಬೆಕ್ಕುಗಳ ಜಾಡು ಹಿಡಿದು ಸಂಬಳ ತಿನ್ನುವವನು ನೀನು. ಬಾಯಿ ಬಿಟ್ಟು ಹೇಳು, ಇದು ನಿಮ್ಮದಾ?

ನಿನ್ನ ಅಕ್ಕ


ಮಾರ್ಚ್ ೫

ಪ್ರೀತಿಯ ಅಕ್ಕ,

ಪಟ್ಟಿ ತಲುಪಿದವು. ಮೇಡಂ ಬೆರಳಲ್ಲಿ ಹೊಲಿಗೆ ಸವರಿ, "ನಿಮ್ಮಕ್ಕನ್ನ ಇಲ್ಲಿಗೇ ಕರ್ಕೊಂಡು ಬನ್ನಿ, ನಿಮ್ಮನ್ನ ಅಂಗಡೀಲಿ ಕೂರಿಸಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನು.

ನೀನು ಕೇಳಿದ್ದಕ್ಕೆ ನೇರ ಉತ್ತರ: ನಮ್ಮದಲ್ಲ. ನಮ್ಮ ಪ್ರಾಣಿಗಳೆಲ್ಲ ಗುಡ್ಡದ ಈ ಮಗ್ಗುಲಿನವು, ನಿಮ್ಮ ಕಡೆಗೆ ದಾಟುವುದಿಲ್ಲ. ಬೇಕರಿಯಣ್ಣ ಕಂಡ ಕುಚ್ಚು ಅವನ ಟೋಪಿಯದ್ದೇ ಇರಬೇಕು. ದೊರೆಯನ್ನು ಕತ್ತಲಾಗುವ ಮೊದಲು ಒಳಗೆ ಹಾಕಿಕೋ, ಅಷ್ಟು ಸಾಕು. ಉರುಲಿನ ಮಾತು ಮಾತ್ರ ಬೇಡ. ಉರುಲಿಗೆ ಕಣ್ಣಿಲ್ಲ ಅಕ್ಕ, ಯಾರ ಕುತ್ತಿಗೆ ಅಂತ ಅದು ನೋಡುವುದಿಲ್ಲ.

ನಿನಗೆ ಬಿಂಕದವಳ ಕಥೆ ಹೇಳಲೇಬೇಕು. ಹೋದ ವರ್ಷ ನೀನು ಹೊಲಿದ ಮೊದಲ ಪಟ್ಟಿ ಹಾಕಿಸಿಕೊಂಡವಳು. ಪಟ್ಟಿ ಕಟ್ಟಿ ಬಿಟ್ಟರೆ ಬೇರೆಯವು ಎದ್ದೆನೋ ಬಿದ್ದೆನೋ ಅಂತ ಓಡುತ್ತವೆ. ಇವಳು ನಾಲ್ಕು ಹೆಜ್ಜೆ ನಡೆದು, ಕೂತು, ಪಂಜ ನೆಕ್ಕಿಕೊಂಡು, ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಹೋದಳು. ಇಡೀ ಬೆಟ್ಟಸಾಲಿನಲ್ಲಿ ಇಂಥ ಹೆಣ್ಣುಗಳು ಬೆರಳೆಣಿಕೆಯಷ್ಟು. ದಿನಾ ಗುಡ್ಡ ಹತ್ತಿ ಆಂಟೆನಾ ತಿರುಗಿಸುತ್ತೇನೆ. ಅವಳ ಪಟ್ಟಿಯ ಪೆಟ್ಟಿಗೆಯ ಟಿಕ್ ಟಿಕ್ ಕೇಳಿದರೆ ಆ ದಿನ ಊಟ ರುಚಿಸುತ್ತದೆ. ಈಗೀಗ ಬಿಡುವಿಲ್ಲದೆ ಓಡಾಡುತ್ತಿದ್ದಾಳೆ, ಒಂದು ಕಡೆ ನಿಲ್ಲುವುದಿಲ್ಲ.

ದೊರೆಯ ಹೊಟ್ಟೆ ಕೆರೆದು ನನ್ನ ಹೆಸರು ಹೇಳು.

ನಿನ್ನ ತಮ್ಮ


ಮಾರ್ಚ್ ೯

ತಮ್ಮಾ,

ಕೈ ನಡುಗುತ್ತಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ಸಂಜೆ ಇನ್ನೂ ಬೆಳಕಿತ್ತು. ನಾನು ಅಂಗಡಿ ಬಾಗಿಲು ಎಳೆಯುತ್ತಿದ್ದೆ, ದೊರೆ ಹಿಂಬದಿ ಅಂಗಳದಲ್ಲಿದ್ದ. ಅಂಥ ಕೂಗನ್ನು ನಾನು ಅವನ ಗಂಟಲಿನಿಂದ ಕೇಳಿರಲಿಲ್ಲ. ಓಡಿಹೋಗಿ ನೋಡಿದರೆ ಕಂದು ಬಣ್ಣದ್ದೊಂದು ಅವನ ಕುತ್ತಿಗೆಗೆ ಬಾಯಿ ಹಾಕಿ ಗೋಡೆಯ ಕಡೆ ಎಳೆಯುತ್ತಿತ್ತು. ನನ್ನ ಕೈಯಲ್ಲಿದ್ದ ಬೀಗವನ್ನೇ ಎಸೆದೆ. ಅದು ಗೋಡೆಯ ಬಿರುಕಿನಲ್ಲಿ ನುಗ್ಗಿ ಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮುಖ ಕೂಡ ಸರಿಯಾಗಿ ಕಾಣಲಿಲ್ಲ.

ದೊರೆ ಬದುಕಿದ್ದಾನೆ. ನಾನು ಹೊಲಿದ ದಪ್ಪ ಪಟ್ಟಿ ಕುತ್ತಿಗೆಯಲ್ಲಿ ಇದ್ದುದಕ್ಕೆ ಬದುಕಿದ್ದಾನೆ. ಹಲ್ಲು ಪಟ್ಟಿಯನ್ನು ತೂರಿ ಒಳಗೆ ಹೋಗಿದೆ, ಒಂದು ಕಿವಿ ಅರ್ಧ ಇಲ್ಲ. ಪ್ರಾಣಿ ಡಾಕ್ಟರು ಹೊಲಿಗೆ ಹಾಕುವಾಗ ನಾನೇ ಅವನ ತಲೆ ಹಿಡಿದಿದ್ದೆ. ಇಷ್ಟು ವರ್ಷ ಹೊಲಿದವಳು ನಾನು, ಆ ಸೂಜಿ ಒಳಗಿಳಿಯುವುದನ್ನು ನೋಡಲು ಆಗಲಿಲ್ಲ. ಕುರ್ಚಿ ಹತ್ತಲು ಅವನಿಗೆ ಆಗುತ್ತಿಲ್ಲ. ಅದರ ಕೆಳಗೆ ಮಲಗಿ ನನ್ನನ್ನೇ ನೋಡುತ್ತಾನೆ, ನೀನೆಲ್ಲಿ ಹೋಗಿದ್ದೆ ಅನ್ನುವ ಹಾಗೆ.

ಕಾಡಿನ ಪ್ರಾಣಿ ದೊಡ್ಡದು, ಅಪರೂಪದ್ದು, ಎಲ್ಲ ಸರಿ. ಇವನು ನನ್ನ ಪಾಲಿಗೆ ಅಪರೂಪ ಅಲ್ಲವೇ? ನಮ್ಮಮ್ಮನ ಕೈ ನೆಕ್ಕಿದ ನಾಲಿಗೆ ಇನ್ನೊಂದು ಎಲ್ಲಿದೆ ತೋರಿಸು.

ನಾನು ಏನು ಮಾಡುತ್ತೇನೆ ಅಂತ ಕೇಳಬೇಡ.

ಅಕ್ಕ


ಮಾರ್ಚ್ ೧೧

ಪ್ರೀತಿಯ ಅಕ್ಕ,

ನಿನ್ನ ಪತ್ರ ಈಗ ತಾನೇ ಓದಿದೆ. ದೊರೆಯ ಗಾಯಕ್ಕೆ ನೊಣ ಕೂರದ ಹಾಗೆ ನೋಡಿಕೋ. ಅನ್ನ ತಿನ್ನದಿದ್ದರೆ ಬೆರಳಲ್ಲಿ ನೆಕ್ಕಿಸು, ಅಮ್ಮ ಮಾಡುತ್ತಿದ್ದ ಹಾಗೆ.

ಕೈಮುಗಿದು ಕೇಳುತ್ತೇನೆ, ಸ್ವಲ್ಪ ತಾಳು. ಗೋಡೆಯ ಬಿರುಕು ಮುಚ್ಚಿಸು. ರಜೆ ಸಿಕ್ಕ ತಕ್ಷಣ ನಾನೇ ಬಂದು ನೋಡುತ್ತೇನೆ. ಅಲ್ಲಿಯವರೆಗೆ ಬೇಕರಿಯಣ್ಣನ ಮಾತು ಕೇಳಬೇಡ. ಅದು ನಮ್ಮ ಪ್ರಾಣಿ ಅಲ್ಲ ಅಂತ ಮತ್ತೆ ಹೇಳುತ್ತೇನೆ. ಆದರೆ ಯಾರದ್ದಾದರೂ ಅದು ಪ್ರಾಣಿಯೇ ಅಕ್ಕ, ಅದಕ್ಕೂ ಹೊಟ್ಟೆ ಇದೆ.

ತಮ್ಮ


ಮಾರ್ಚ್ ೧೨

ತಮ್ಮಾ,

ನಿನ್ನ ಪತ್ರ ಮಧ್ಯಾಹ್ನ ಬಂತು. ಇನ್ನು ರಜೆ ಹಾಕಬೇಡ, ಬರುವ ಅಗತ್ಯವಿಲ್ಲ. ಇಲ್ಲಿ ತೊಂದರೆ ಮುಗಿದಿದೆ. ದೊರೆ ಸ್ವಲ್ಪ ಹಾಲು ಕುಡಿದ.

ಅಕ್ಕ


ಮಾರ್ಚ್ ೧೩

ಪ್ರೀತಿಯ ಅಕ್ಕ,

ದೊರೆ ಹಾಲು ಕುಡಿದ ಅಂತ ಓದಿ ನೆಮ್ಮದಿಯಾಯಿತು. ಬಿರುಕು ಮುಚ್ಚಿಸಿದೆ ತಾನೇ? ನೋಡು, ಮನಸ್ಸು ಮಾಡಿದರೆ ಎಷ್ಟು ಸುಲಭ.

ಈಗ ನನ್ನ ಸುದ್ದಿ ಕೇಳು. ಬಿಂಕದವಳು ನಿಂತಿದ್ದಾಳೆ! ನಿನ್ನೆ ಬೆಳಿಗ್ಗೆಯಿಂದ ಅವಳ ಟಿಕ್ ಟಿಕ್ ಒಂದೇ ಕಡೆಯಿಂದ, ಒಂದು ಗೇಣೂ ಆಚೀಚೆ ಇಲ್ಲ. ಇಷ್ಟು ದಿನ ಕಾಲಿಗೆ ಚಕ್ರ ಕಟ್ಟಿಕೊಂಡವಳು ದಿಢೀರನೆ ಹೀಗೆ ಕೂತಳೆಂದರೆ ಅರ್ಥ ಒಂದೇ, ಮರಿ ಹಾಕಿದ್ದಾಳೆ. ಮೇಡಂ ಮುಂದೆ ಗಂಭೀರವಾಗಿ ವರದಿ ಹೇಳಿದೆ, ಹೊರಗೆ ಬಂದು ಒಬ್ಬನೇ ಕುಣಿದೆ.

ಒಂದೇ ಸೋಜಿಗ. ಸದ್ದು ಬರುವುದು ನಿಮ್ಮ ಊರಿನ ದಿಕ್ಕಿನಿಂದ. ಇಲ್ಲಿ ಮೇಲೆ ನಿಂತರೆ ನಿಮ್ಮ ನೀರಿನ ಟ್ಯಾಂಕ್ ಕಾಣುತ್ತದೆ, ಅದರ ನೇರಕ್ಕೇ ಬರುತ್ತಿದೆ. ಟ್ಯಾಂಕಿನ ಆಚೆ ಪಾಳುಬಿದ್ದ ಕಲ್ಲುಕ್ವಾರಿ ಇದೆಯಲ್ಲ, ಅಲ್ಲಿ ಸಂದಿ ಹುಡುಕಿಕೊಂಡಿರಬೇಕು. ನೋಡಲು ಕಾಲು ತುರಿಸುತ್ತಿದೆ, ಆದರೆ ಹೋಗುವುದಿಲ್ಲ. ಬಾಣಂತಿಯ ಕೋಣೆಗೆ ಗಂಡಸರು ನುಗ್ಗಬಾರದು ಅಂತ ಮೇಡಂ ಹೇಳಿದ್ದಾರೆ. ತಿಂಗಳು ಮುಗಿಯುವವರೆಗೆ ಯಾರೂ ಅತ್ತ ತಲೆ ಹಾಕುವುದಿಲ್ಲ.

ಅಕ್ಕ, ನೀನು ಹೊಲಿದ ಪಟ್ಟಿ ಹಾಕಿಕೊಂಡು ತಾಯಿಯಾಗಿದ್ದಾಳೆ. ಒಂಥರಾ ನೀನೂ ಅಜ್ಜಿಯಾದೆ.

ನಿನ್ನ ತಮ್ಮ


ಮಾರ್ಚ್ ೧೪

ತಮ್ಮಾ,

ದಾರಕ್ಕೆ ಹಚ್ಚುವ ಮೇಣ ಮುಗಿದಿದೆ, ಜೀಪಿನವನ ಕೈಯಲ್ಲಿ ತರಿಸಬೇಕು. ದೊರೆಯ ಹೊಲಿಗೆ ಒಣಗುತ್ತಿದೆ.

ಒಂದು ಮಾತು ಕೇಳಬೇಕಿತ್ತು. ಬೆಕ್ಕಿನ ಜಾತಿಯ ಮರಿಗಳು ತಾಯಿ ಇಲ್ಲದಿದ್ದರೆ ಎಷ್ಟು ದಿನ ತಡೆದುಕೊಳ್ಳುತ್ತವೆ? ಸುಮ್ಮನೆ ಕೇಳಿದೆ.

ಅಕ್ಕ


ಮಾರ್ಚ್ ೧೬

ಪ್ರೀತಿಯ ಅಕ್ಕ,

ಯಾರದ್ದೋ ಅನಾಥ ಮರಿಗಳನ್ನು ತಂದಿಟ್ಟುಕೊಂಡಿದ್ದೀಯ ಅಂತ ವಾಸನೆ ಬರುತ್ತಿದೆ! ಬೇಕರಿಯಣ್ಣನಿಗೆ ಕೊಡಲಿಕ್ಕೆ ತಾನೇ? ನಿನ್ನ ಸಿಡುಕೆಲ್ಲ ಮೇಲೆ ಮೇಲೆ, ನನಗೆ ಗೊತ್ತಿಲ್ಲವೇ.

ಹುಟ್ಟಿದ ಮರಿಗಳಾದರೆ ಒಂದೆರಡು ದಿನವೂ ಕಷ್ಟ. ಸ್ವಲ್ಪ ಬೆಳೆದು ಮಾಂಸ ಕಚ್ಚುವಷ್ಟಾಗಿದ್ದರೆ ವಾರದ ತನಕ ಜೀವ ಹಿಡಿದುಕೊಂಡಾವು. ತಡ ಮಾಡಬೇಡ. ಬಟ್ಟೆಯ ಬತ್ತಿಯಲ್ಲಿ ಬೆಚ್ಚಗಿನ ಹಾಲು ನೆಕ್ಕಿಸು, ಮೈ ತಣ್ಣಗಾಗಲು ಬಿಡಬೇಡ. ಇಂಥದ್ದರಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಬಿಂಕದವಳು ಇನ್ನೂ ಅಲ್ಲೇ ಇದ್ದಾಳೆ. ಊಟಕ್ಕೂ ಎದ್ದಿಲ್ಲ, ಎಂಥ ತಾಯಿ ನೋಡು.

ತಮ್ಮ


ಮಾರ್ಚ್ ೧೪

ತಮ್ಮಾ,

ನಿನ್ನ ಬಿಂಕದವಳು ಕ್ವಾರಿಯ ಸಂದಿಯಲ್ಲಿ ಬಾಣಂತಿಯಾಗಿ ಕೂತಿಲ್ಲ. ಅವಳು ಸತ್ತಿದ್ದಾಳೆ. ನಾನು ಕೊಂದೆ.

ದೊರೆಗೆ ಗಾಯವಾದ ಮಾರನೆಯ ದಿನ ಮೋಟಾರುಬೈಕಿನ ಬ್ರೇಕ್ ತಂತಿ ತಂದು ಉರುಲು ಮಾಡಿದೆ. ಬೇಕರಿಯಣ್ಣನಿಗೆ ಗಂಟು ಹಾಕಲು ಬರಲಿಲ್ಲ, ನಾನೇ ಹಾಕಿದೆ. ಅಳತೆಗೆ ದೊರೆಯ ಕುತ್ತಿಗೆಯನ್ನೇ ನೋಡಿದೆ. ಅವನು ಪಾಪ, ಹೊಸ ಪಟ್ಟಿ ಅಂದುಕೊಂಡು ಆ ಹೊಲಿಗೆಯ ಕತ್ತನ್ನೇ ಚಾಚಿದ. ಗೋಡೆಯ ಬಿರುಕಿನಲ್ಲಿ ಕಟ್ಟಿದೆ. ಹನ್ನೆರಡನೇ ತಾರೀಖು ಬೆಳಿಗ್ಗೆ ಹೋಗಿ ನೋಡುವಾಗ ಬಿದ್ದಿತ್ತು, ಸತ್ತಿತ್ತು. ಕುತ್ತಿಗೆಯಲ್ಲಿ ನನ್ನ ಪಟ್ಟಿ. ಎರಡು ಸಾಲು ಹೊಲಿಗೆ, ತುದಿಯಲ್ಲಿ ಕೆಂಪು ಗಂಟು. ನಾನು ಅಲ್ಲೇ ಕುಸಿದು ಕೂತೆ.

ಪಟ್ಟಿ ಬಿಚ್ಚಿ ತಂದು ಮೇಜಿನ ಖಾನೆಯಲ್ಲಿಟ್ಟೆ. ಬೇಕರಿಯಣ್ಣ ಅವಳನ್ನು ಕ್ವಾರಿಯಲ್ಲಿ ಹೂತು ಬಂದ. ಪ್ರಾಣಿ ಸತ್ತರೆ ಪೆಟ್ಟಿಗೆಯೂ ಸಾಯುತ್ತದೆ ಅಂದುಕೊಂಡಿದ್ದೆ. ಸದ್ದು ಬರುತ್ತಿದೆ, ಮರಿ ಹಾಕಿದ್ದಾಳೆ ಅಂತ ನೀನು ಬರೆದದ್ದನ್ನು ಆ ಮೇಜಿನ ಮುಂದೆ ಕೂತೇ ಓದಿದೆ. ನೀನು ದಿನಾ ಗುಡ್ಡ ಹತ್ತಿ ಕೇಳಿ ಖುಷಿಪಡುತ್ತಿರುವುದು ನನ್ನ ಖಾನೆಯ ಸದ್ದು.

ಇನ್ನೊಂದು ಹೇಳಬೇಕು. ಹೂಳುವ ಮೊದಲು ಮಗುಚಿ ಹಾಕಿದಾಗ ಮೊಲೆಯಲ್ಲಿ ಹಾಲಿತ್ತು. ತುಪ್ಪಳ ಒದ್ದೆಯಾಗಿತ್ತು. ಮರಿಗಳು ಎಲ್ಲೋ ಇವೆ ತಮ್ಮಾ. ಎಲ್ಲಿ ಅಂತ ನಿನಗೆ ಬಿಟ್ಟು ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕ

ಇವತ್ತು ಹದಿನೇಳು. ಇದನ್ನು ಬರೆದು ಖಾನೆಯಲ್ಲಿ ಆ ಪಟ್ಟಿಯ ಪಕ್ಕವೇ ಇಟ್ಟಿದ್ದೆ. ಜೀಪು ದಿನಾ ಬಂತು, ದಿನಾ ಹೋಯಿತು. ಕೊಡಲು ಎದ್ದಾಗಲೆಲ್ಲ ನಿನ್ನ ಮುಖ ಕಣ್ಣಮುಂದೆ ಬಂದು ಮತ್ತೆ ಕೂತೆ. ತಡ ಮಾಡಬೇಡ ಅಂತ ನೀನು ಬರೆದ ಪತ್ರ ಈಗ ತಾನೇ ಬಂತು. ಜೀಪು ಬಾಗಿಲಲ್ಲೇ ನಿಂತಿದೆ. ಓಡು.


ಮಾರ್ಚ್ ೨೦

ಅಕ್ಕ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಯಾರೋ ಬೇರೆಯವರು ಬರೆದದ್ದು ಅನ್ನಿಸಿತು.

ದಿನಾ ಸದ್ದು ಎಲ್ಲಿಂದ ಬಂತೆಂದು ಬರೆದಿಟ್ಟ ಹಳೆಯ ಗುರುತುಗಳನ್ನೆಲ್ಲ ತೆಗೆದು ನೋಡಿದೆ. ಪ್ರತಿದಿನ ಅವಳು ಎಲ್ಲೆಲ್ಲಿ ಅಲೆದರೂ ಒಂದೇ ಬಂಡೆಸಾಲಿಗೆ ಮರಳುತ್ತಿದ್ದಳು. ಅದು ಮೊದಲಿನಿಂದಲೂ ನನ್ನ ಕಣ್ಣ ಮುಂದೆಯೇ ಇತ್ತು. ಮರಿಗಳು ಹುಟ್ಟಿ ಆಗಲೇ ವಾರಗಳಾಗಿದ್ದವು. ಬಿಡುವಿಲ್ಲದ ಆ ಓಡಾಟವೇ ಬಾಣಂತನ. ನಿಂತದ್ದು ಸಾವು. ನಾನು ಎರಡನ್ನೂ ತಿರುವುಮುರುವಾಗಿ ಓದಿದೆ, ಕುಣಿದೆ ಬೇರೆ.

ಅಲ್ಲಿಗೆ ಓಡಿದೆ. ಬಂಡೆಯ ಸಂದಿಯಲ್ಲಿ ಮೂರು ಮರಿಗಳು. ಎರಡು ಸತ್ತು ಒಂದರ ಮೇಲೊಂದು ಮಲಗಿದ್ದವು. ಮೂರನೆಯದು ಒಣಗಿದ ಮೊಲದ ಚರ್ಮ ನೆಕ್ಕುತ್ತಿತ್ತು. ನನ್ನ ಕೈ ಒಳಗೆ ಹೋದಾಗ ಕಚ್ಚಲಿಲ್ಲ, ಬೆರಳು ಚೀಪಿತು. ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಬಿದ್ದಿತ್ತು, ಗೆಜ್ಜೆ ಸಮೇತ. ಅದರ ತುದಿಯಲ್ಲೂ ಕೆಂಪು ಗಂಟು. ಬೇಕರಿಯಣ್ಣನಿಗೆ ಕೊಡುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ನೀನು ಹದಿನಾಲ್ಕಕ್ಕೆ ಬರೆದದ್ದನ್ನು ನಾನು ಹದಿನೇಳಕ್ಕೆ ಓದಿದೆ. ಇದರ ಬಗ್ಗೆ ಇನ್ನೇನೂ ಬರೆಯಲಾರೆ.

ನನ್ನದೂ ಇದೆ. ನಮ್ಮ ಪ್ರಾಣಿಗಳು ನಿಮ್ಮ ಕಡೆ ದಾಟುವುದಿಲ್ಲ ಅಂತ ನಾನು ಬರೆದದ್ದು ಸುಳ್ಳು. ಫೆಬ್ರವರಿಯಿಂದಲೇ ಅವಳು ನಿಮ್ಮ ಊರಿನ ಅಂಚಿಗೆ ಬರುತ್ತಿದ್ದಳು. ಮೊಲ, ಬೆಕ್ಕು ಅಂತ ನೀನು ಬರೆದಾಗಲೇ ಯಾರೆಂದು ಗೊತ್ತಾಯಿತು. ಹೇಳಿದರೆ ನಿಮ್ಮ ಬೀದಿಯವರು ದೊಣ್ಣೆ ಹಿಡಿದು ಬರುತ್ತಾರೆ ಅಂತ ಹೆದರಿದೆ. ಒಂದು ಮುದಿ ನಾಯಿಗಿಂತ ಅವಳು ಹೆಚ್ಚು ಅಂತ ನನ್ನೊಳಗೇ ತೂಕ ಹಾಕಿದೆ. ಅಮ್ಮನ ನಾಯಿ ಅಂತ ಗೊತ್ತಿದ್ದೂ ಹಾಕಿದೆ. ಇದು ನಿಮ್ಮದಾ ಅಂತ ನೀನು ಕೇಳಿದಾಗ ಹೌದು ಅಂದಿದ್ದರೆ ನೀನು ಉರುಲು ಕಟ್ಟುತ್ತಿರಲಿಲ್ಲ. ಅಷ್ಟು ನನಗೆ ಗೊತ್ತು.

ಹೋಗಿ ನೋಡುವಾಗ ಸತ್ತಿತ್ತು ಅಂತ ಬರೆದಿದ್ದೀಯ. ಬೇಗ ಮುಗಿದಿರಬೇಕು, ನರಳಿರಲಿಕ್ಕಿಲ್ಲ. ಸದ್ಯಕ್ಕೆ ಅದನ್ನೇ ಹಿಡಿದುಕೊಂಡು ಮಲಗುತ್ತೇನೆ.


ಏಪ್ರಿಲ್ ೧೮

ಚರ್ಮದ ಅಂಗಡಿಯವರಿಗೆ,

ನಮ್ಮ ಕೇಂದ್ರದಲ್ಲಿರುವ ಮರಿ ಬದುಕಿದೆ. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದರಿಂದ ಮನುಷ್ಯರ ಭಯ ಹೋಗಿದೆ. ತಟ್ಟೆಯ ಸದ್ದಾದರೆ ಓಡಿ ಬರುತ್ತದೆ, ಅಡುಗೆಯವರ ಕಾಲಿಗೆ ಮೈ ಉಜ್ಜುತ್ತದೆ, ಕುರ್ಚಿಯ ಮೇಲೆ ಮಲಗುತ್ತದೆ. ಕಾಡಿಗೆ ಬಿಟ್ಟರೆ ನೇರ ಯಾವುದಾದರೂ ಮನೆಯ ಬಾಗಿಲಿಗೇ ಹೋಗುತ್ತದೆ ಅಂತ ಮೇಡಂ ಬಿಡಲು ಒಪ್ಪಲಿಲ್ಲ. ಇನ್ನು ಮುಂದೆ ಅದು ಸಾಕುಪ್ರಾಣಿಯೇ.

ಬೆಳೆದ ಮೇಲೆ ಕಟ್ಟಿಹಾಕಲು ಒಂದು ಪಟ್ಟಿ ಬೇಕು. ರೇಡಿಯೋ ಪೆಟ್ಟಿಗೆಗೆ ಜಾಗ ಬೇಡ, ಸರಪಳಿಗೆ ಒಂದು ಉಂಗುರ ಸಾಕು. ಅಳತೆ ಕಳಿಸುತ್ತಿಲ್ಲ. ತಾಯಿಯ ಅಳತೆಯೇ ಆಗುತ್ತದೆ, ಅದು ನಿಮ್ಮ ಖಾನೆಯಲ್ಲಿದೆ.


ಏಪ್ರಿಲ್ ೨೩

ತಮ್ಮಾ,

ನೀನು ಅಂಗಡಿಯವರಿಗೆ ಬರೆದೆ, ನಾನು ತಮ್ಮನಿಗೇ ಬರೆಯುತ್ತೇನೆ. ನೀನು ಸುಳ್ಳು ಹೇಳಿದ್ದನ್ನು ನಾನು ಎತ್ತಿ ಆಡುವುದಿಲ್ಲ. ಆದರೆ ಉರುಲು ಕಟ್ಟುತ್ತಿರಲಿಲ್ಲ ಅಂತ ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದೀಯಲ್ಲ, ಅದನ್ನು ಇಟ್ಟುಕೊಂಡು ನಾನು ಬದುಕಲಾರೆ. ಆ ದಿನ ಬೆಳಿಗ್ಗೆ ಏನಾಯಿತು ಅಂತ ಸರಿಯಾಗಿ ಹೇಳುತ್ತೇನೆ. ಆಮೇಲೆ ನೀನು ಅಂಗಡಿಯವರಿಗೂ ಬರೆಯದಿದ್ದರೆ ನಿನ್ನ ಇಷ್ಟ.

ಅವಳು ಸತ್ತಿರಲಿಲ್ಲ. ತಂತಿ ಬಿಗಿಯಲು ನನ್ನ ಪಟ್ಟಿ ಬಿಟ್ಟಿರಲಿಲ್ಲ. ತಂತಿ ಅದರ ಮೇಲೆ ಕೂತು ಅಲ್ಲೇ ನಿಂತಿತ್ತು, ಅಷ್ಟು ಗಟ್ಟಿ ಹೊಲಿದಿದ್ದೆ. ಒದ್ದಾಡಿ ಒದ್ದಾಡಿ ಸುತ್ತಲಿನ ಮಣ್ಣೆಲ್ಲ ಕಿತ್ತಿದ್ದಳು. ನಾನು ಹೋದಾಗ ಒದ್ದಾಟ ನಿಲ್ಲಿಸಿ ಕೂತು, ನೀನು ಬರೆದಿದ್ದೆಯಲ್ಲ, ಹಾಗೇ ಮೇಲಿನಿಂದ ಕೆಳಗೆ ನೋಡಿದಳು. ಕೆಂಪು ಗಂಟು ಕಂಡಿತು. ಯಾರು ಅಂತ ಗೊತ್ತಾಯಿತು. ನನ್ನ ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ ಇತ್ತು. ಒಂದು ಸಲ ಒತ್ತಿದ್ದರೆ ಮುಗಿಯುತ್ತಿತ್ತು.

ಒಳಗೆ ದೊರೆ ನರಳುತ್ತಿದ್ದ. ಬಿಟ್ಟರೆ ಮತ್ತೆ ಬರುತ್ತಾಳೆ ಅನ್ನುವುದು ಒಂದೇ ತಲೆಯಲ್ಲಿತ್ತು. ಬೇಕರಿಯಣ್ಣ ಒಲೆಯ ಕಬ್ಬಿಣದ ಸಲಾಕೆ ಹಿಡಿದು ಬಂದ. ಬಂದವನು ಪಟ್ಟಿ ನೋಡಿ ನಿಂತುಬಿಟ್ಟ. "ಅಕ್ಕಾ, ಇದು ನಿಮ್ಮ ಹೊಲಿಗೆ ಅಲ್ವಾ? ತಮ್ಮಂದು ಇರ್ಬೇಕು. ಬಿಟ್ಬಿಡೋಣ್ವಾ?" ಅಂದ. ಬೆಕ್ಕು ಕಳೆದುಕೊಂಡವನು ಅವನು. ಅವನೇ ಕೇಳಿದ.

ನಾನು ಅವನ ಕೈಯಿಂದ ಸಲಾಕೆ ಇಸಕೊಂಡೆ.

ಈಗಲೂ ನನಗೆ ದಿಗ್ಭ್ರಮೆ ಆಗುವುದು ಅವಳು ಸತ್ತದ್ದಕ್ಕಲ್ಲ, ನನ್ನ ಕೈ ಒಂದಿಷ್ಟೂ ನಡುಗದೆ ಇದ್ದದ್ದಕ್ಕೆ. ದೊರೆಗಾಗಿ ಮಾಡಿದೆ ಅಂತ ದಿನಾ ಹೇಳಿಕೊಳ್ಳುತ್ತೇನೆ. ಅವನು ಬಾಗಿಲ ಸಂದಿಯಿಂದ ನೋಡುತ್ತಿದ್ದ. ಮೈ ವಾಸಿಯಾಗಿದೆ, ಕುರ್ಚಿ ಹತ್ತುತ್ತಾನೆ, ಚೆನ್ನಾಗಿ ತಿನ್ನುತ್ತಾನೆ.

ನೀನು ಕೇಳಿದ ಪಟ್ಟಿ ಮುಗಿದಿದೆ. ಒಳಮೈಗೆ ಮೆತ್ತನೆಯ ಚರ್ಮ ಇದೆ, ಉಂಗುರ ಗಟ್ಟಿಯಾಗಿದೆ. ಕೆಂಪು ಗಂಟು ಹಾಕಿಲ್ಲ. ಅಳತೆ ನೋಡಲು ದೊರೆಯನ್ನು ಕರೆದೆ. ಪಟ್ಟಿ ಕಂಡದ್ದೇ ಅವನು ಕುರ್ಚಿಯಿಂದಿಳಿದು ಮೇಜಿನ ಕೆಳಗೆ ಹೋಗಿ ಗೋಡೆಗೆ ಅಂಟಿ ಕೂತ. ಎಷ್ಟು ಮುದ್ದು ಮಾಡಿ ಕರೆದರೂ ಕತ್ತು ಚಾಚಲಿಲ್ಲ.

ಕೊನೆಗೆ ನನ್ನ ಕುತ್ತಿಗೆಗೇ ಹಾಕಿ ನೋಡಿದೆ. ಅಳತೆ ಸರಿಯಾಗಿದೆ. ಜೀಪಿನವನ ಕೈಯಲ್ಲಿ ಕಳಿಸಿದ್ದೇನೆ.

ಅಕ್ಕ